ಮಧ್ಯಸ್ಥನಿಗೆ ಗೊತ್ತಿಲ್ಲ

ನಂದಿದುರ್ಗ, ಕೆ.ಜಿ.ಎಫ್.
೯ ಜೂನ್ ೨೦೨೪

ರಾಜ್‌ಕುಮಾರ,

ಮೂರು ವರ್ಷದ ಮೇಲೆ ನನ್ನ ಕೈಬರಹ ನೋಡಿ ಕಾಗದವನ್ನು ಒಲೆಗೆ ಹಾಕಬೇಡ. ಫೋನಿನಲ್ಲಿ ನೀನು ನನ್ನ ನಂಬರನ್ನು ತಡೆದಿದ್ದೀಯ. ಅದಕ್ಕೇ ಅಂಚೆ ಹಿಡಿದಿದ್ದೇನೆ.

ಸೀಸದ ಸೈನಿಕರನ್ನು ಇಟ್ಟು ಆಡುವ ನಮ್ಮ ಮೇಜಿನ ಯುದ್ಧ ಬಳಗದಲ್ಲಿ ಮತ್ತೆ ಒಂದು ದಂಡಯಾತ್ರೆ ಹೂಡುತ್ತಿದ್ದೇನೆ. ಹೆಸರು 'ಮೂರು ಪಾಳ್ಯ'. ನಕ್ಷೆ ಬರೆದು ಮುಗಿಸಿದೆ. ಬೇತಮಂಗಲದ ಕೆರೆಯಿಂದ ಕಾಮಸಮುದ್ರದ ಗುಡ್ಡಗಳವರೆಗೆ ನೂರಾ ನಲವತ್ತು ಚೌಕ. ಪಾಳೆಯಗಾರರು ಮೂವರೂ ನಾನು ಕಲ್ಪಿಸಿ ಕಟ್ಟಿದವರೇ, ನಮ್ಮ ವಂಶದವರು ಅಂತ ಯಾರೂ ಬಂದು ಜಗಳ ತೆಗೆಯುವಂತಿಲ್ಲ. ಕೆಲಸ ಚೆನ್ನಾಗಿ ಬಂದಿದೆ. ಆಡುವವರನ್ನು ನೋಡಿದರೆ ಮಾತ್ರ ವಾಕರಿಕೆ ಬರುತ್ತದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ.

ಇವತ್ತು ಅಂಬರೀಶ ಬೋಂಡಾ ತಿಂದ ಕೈಯನ್ನು ತೊಳೆಯದೆ, ನೀನು ಬಣ್ಣ ಹಚ್ಚಿದ ಆನೆಯನ್ನು ಸೊಂಡಿಲು ಹಿಡಿದು ಎತ್ತಿದ. ಅಂಬಾರಿಯ ತುಂಬ ಚಟ್ನಿ. ಒರೆಸಪ್ಪ ಅಂದರೆ ಪ್ಯಾಂಟಿಗೆ ಒರೆಸಿದ. ಹೊಸಬರು ನಾಲ್ವರು ಸೇರಿದ್ದಾರೆ. ನಾಲ್ವರಿಗೂ ಗೆಲ್ಲುವ ಪಾಳ್ಯವೇ ಬೇಕಂತೆ, ಯಾವುದು ಗೆಲ್ಲುತ್ತದೆ ಅಂತ ಮೊದಲೇ ಹೇಳಿಬಿಡಬೇಕಂತೆ. ಕೂರಿಸಿಕೊಂಡು ಒಂದನೇ ಕ್ಲಾಸಿನವರಿಗೆ ಹೇಳಿದ ಹಾಗೆ ಹೇಳಿದೆ: ಪ್ರತಿ ತಿಂಗಳು ದಳಪತಿ ತನ್ನ ಸೈನ್ಯ ನಕ್ಷೆಯ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಗುಟ್ಟಾಗಿ ಅಪ್ಪಣೆ ಚೀಟಿಯಲ್ಲಿ ಬರೆದು ಅಂಚೆಯಲ್ಲಿ ಮಧ್ಯಸ್ಥನಾದ ನನಗೆ ಕಳಿಸಬೇಕು. ಮಧ್ಯಸ್ಥ ಎಲ್ಲರ ಚೀಟಿ ಓದಿ, ಒಬ್ಬೊಬ್ಬರಿಗೂ ಅವರವರ ಬೇಹಿನವರ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಬರೆದು ತಿಳಿಸುತ್ತಾನೆ. ಎರಡು ಸೈನ್ಯ ಒಂದೇ ಚೌಕಕ್ಕೆ ಬಂದರೆ ಎರಡನೇ ಭಾನುವಾರ ಮೇಜಿನ ಮೇಲೆ ಯುದ್ಧ. ಒಬ್ಬ ಕೇಳಿದ, "ವಾಟ್ಸಪ್ ಆಕಿದ್ರೆ ಆಗಲ್ವಾ ಸಾರ್?" ವಾಟ್ಸಪ್‌ಗೆ ಹಾಕಿದ ಗುಟ್ಟು ಸಂಜೆಯೊಳಗೆ ಬಂಗಾರಪೇಟೆ ದಾಟಿರುತ್ತದೆ ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಕುದುರೆ ಸವಾರರು ಸಾಲುತ್ತಿಲ್ಲ. ಕೊರಿಯರಿನಲ್ಲಿ ತರಿಸಿದ ಪ್ಲಾಸ್ಟಿಕ್ಕಿನವಕ್ಕೆ ಮುಖವೇ ಇಲ್ಲ. ಅಚ್ಚುಗಳು ನಿನ್ನ ಹತ್ತಿರ ಇವೆ. ನಿಮ್ಮಪ್ಪ ಗಣಿಯ ಎರಕದ ಶೆಡ್ಡಿನಲ್ಲಿ ಕಲಿತು ನಿನಗೆ ಕಲಿಸಿದ ಕೆಲಸ ಇಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಅರವತ್ತು ಸವಾರರನ್ನು ಹೊಯ್ದು ಕೊಡು. ಕೊಟ್ಟು ಸುಮ್ಮನೆ ಹೋಗಬೇಡ, ಕಾಮಸಮುದ್ರದ ಪಾಳ್ಯಕ್ಕೆ ನೀನೇ ದಳಪತಿಯಾಗು. ಹಳೆಯದೆಲ್ಲ ಬಿಡು. ನಮ್ಮ ವಯಸ್ಸಿಗೆ ಅದೆಲ್ಲ ಯಾಕೆ.

ಪುಷ್ಪ ಹೇಗಿದ್ದಾಳೆ?

ಎಂದಿನಂತೆ ನಿನ್ನ,
ಕಾಂತರಾಜ್


ಕಾಮಸಮುದ್ರ
೨ ಜುಲೈ ೨೦೨೪

ಕಾಂತರಾಜ್ ಮೇಷ್ಟ್ರಿಗೆ,

ಕಾಗದವನ್ನು ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಈಗ ಗ್ಯಾಸು.

ಪುಷ್ಪ ಚೆನ್ನಾಗಿದ್ದಾಳೆ. ನಿಮ್ಮ ಕಾಗದವನ್ನು ಗಂಡನಿಗಿಂತ ಮೊದಲು ಹೆಂಡತಿಯೇ ಓದಿದಳು. ಓದಿ ಹೋಗಿ ಕೈ ತೊಳೆದುಕೊಂಡಳು. ನಾನು ಹೇಳಿಕೊಟ್ಟದ್ದಲ್ಲ.

ಆನೆಗೆ ಚಟ್ನಿ ಹತ್ತಿದ್ದಕ್ಕೆ ವಾಕರಿಕೆ ಬಂತು ಅಂತ ಬರೆದಿದ್ದೀರಿ. ನಿಮಗೆ ಯಾವುದಕ್ಕೆ ವಾಕರಿಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಅನ್ನುವುದನ್ನು ನಾನು ಕಣ್ಣಾರೆ ನೋಡಿದವನು. ಚಟ್ನಿಯ ಮಾತು ನನ್ನ ಹತ್ತಿರ ಬೇಡ.

ಹಳೆಯದೆಲ್ಲ ಬಿಡು ಅಂದಿರಿ. ನಾನು ಬಿಟ್ಟರೂ ಅದು ಬಿಡಬೇಕಲ್ಲ. ಇಲ್ಲಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು ನಾನೇ ಅಂತ ನಿಮಗೆ ಗೊತ್ತು. ಯಂತ್ರದಲ್ಲಿ ಕೊಬ್ಬಿನ ಅಂಕಿ ನೋಡಿ ಕೂಗುವುದು ನನ್ನ ಕೆಲಸ. ಎಂಟು ವರ್ಷ ನಾನು ಕೂಗಿದ್ದೇ ಅಂಕಿಯಾಗಿತ್ತು. ಒಬ್ಬರೂ ಬಗ್ಗಿ ನೋಡಿದವರಲ್ಲ. ಮುನಿಗಂಗಮ್ಮ ಅಂತ ಒಬ್ಬ ಅಜ್ಜಿ ಇದ್ದಾಳೆ, ಎರಡು ಹಸು ಕಟ್ಟಿದ್ದಾಳೆ. ನಾನು ಬಳಗ ಬಿಟ್ಟ ವರ್ಷ ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಯಂತ್ರದ ಮೇಲೆ ಬಗ್ಗಿ, ಮೂಗು ತಾಕುವಷ್ಟು ಹತ್ತಿರ ಹೋಗಿ ನೋಡಿದಳು.

"ಏನಜ್ಜಿ, ನಿಂಗೆ ಅಂಕಿ ಓದಕ್ ಬತ್ತದಾ?" ಅಂದೆ.

"ಬರಲ್ಲ ಕಣಪ್ಪ. ಆದ್ರೂ ನೋಡ್ತೀನಿ. ಅದ್ಯಾವ್ದೋ ಆಟದಾಗೆ ನೀನು ಇನ್ನೊಬ್ರು ಚೀಟಿ ಕದ್ದು ನೋಡ್ದೆ ಅಂತಾರಲ್ಲಾ."

ನಮ್ಮ ಬಳಗದ ಮುನಿರಾಜುವಿನ ಷಡ್ಡಕನ ಮನೆ ಈ ಊರಿನಲ್ಲೇ ಇದೆ. ಸುದ್ದಿ ಬರುವುದಕ್ಕೆ ಬಸ್ಸೂ ಬೇಕಾಗಲಿಲ್ಲ. ಆವತ್ತಿನಿಂದ ಅವಳು ದಿನಾ ಬಗ್ಗುತ್ತಾಳೆ. ಅವಳನ್ನು ನೋಡಿ ಉಳಿದವರೂ ಬಗ್ಗುತ್ತಾರೆ. ನಾನು ಪಕ್ಕಕ್ಕೆ ಸರಿದು ನಿಂತು ಜಾಗ ಕೊಡುತ್ತೇನೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ಅಚ್ಚುಗಳು ಅಟ್ಟದ ಮೇಲಿವೆ. ಅಲ್ಲೇ ಇರುತ್ತವೆ.

ರಾಜ್‌ಕುಮಾರ್


ಬಂಗಾರಪೇಟೆ
೨೦ ಜುಲೈ ೨೦೨೪

ಮಾನ್ಯ ರಾಜ್‌ಕುಮಾರ್ ಅವರಿಗೆ ನಮಸ್ಕಾರಗಳು.

ನಾನು ವನಿತಾ, ಏಪ್ರಿಲ್‌ನಿಂದ ಬಳಗದ ಕಾರ್ಯದರ್ಶಿ. ನಿಮ್ಮನ್ನು ನೋಡಿಲ್ಲ, ನಿಮ್ಮ ಸೈನಿಕರನ್ನು ನೋಡಿದ್ದೇನೆ. ಬೆರಳಿನ ಗೆಣ್ಣಿನಷ್ಟೇ ಇರುವ ಆ ತಮಟೆಯವನಿಗೆ ಒಂದು ಕಣ್ಣು ಅರ್ಧ ಮುಚ್ಚಿರುವ ಹಾಗೆ ಬಣ್ಣ ಹಚ್ಚಿದ್ದೀರಲ್ಲ, ಬಿಸಿಲಿಗೆ ಮುಚ್ಚಿಕೊಂಡಿದ್ದಾನೋ ನಿದ್ದೆಗೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಸೀಸದ ಹೊಗೆ ಕುಡಿದು ನಿಮಗೆ ಎದೆಯ ಕಾಯಿಲೆಯಾಯಿತು, ಅದರಿಂದಲೇ ಬಳಗ ಬಿಡಬೇಕಾಯಿತು ಅಂತ ಕಾಂತರಾಜ್ ಸಾರ್ ಹೇಳಿದರು. ಕೇಳಿ ಬೇಸರವಾಯಿತು. ಆದ್ದರಿಂದ ನೀವು ಶ್ರಮ ತೆಗೆದುಕೊಂಡು ಬರುವುದು ಬೇಡ. ಕುದುರೆ ಸವಾರರ ಅಚ್ಚುಗಳನ್ನು ಮಾತ್ರ ಬಳಗಕ್ಕೆ ಕಳಿಸಿಕೊಟ್ಟರೆ ಸಾಕು. ಎರಕ ಹೊಯ್ಯುವುದನ್ನು ಕಲಿತು ಮಾಡಲು ಮುನಿರಾಜು ಅವರು ಒಪ್ಪಿದ್ದಾರೆ. ಬಸ್ ನಿಲ್ದಾಣದ ಎದುರಿಗಿರುವ ಅವರ ಜೆರಾಕ್ಸ್ ಅಂಗಡಿಗೆ ತಲುಪಿಸಿದರೆ ಅನುಕೂಲ.

ನಿಮ್ಮ ಆರೋಗ್ಯ ಬೇಗ ಸುಧಾರಿಸಲಿ.

ವಿಶ್ವಾಸದಿಂದ,
ವನಿತಾ


ಕಾಮಸಮುದ್ರ
೨೮ ಜುಲೈ ೨೦೨೪

ಕಾಂತರಾಜ,

ಇನ್ನು ಮೇಷ್ಟ್ರು, ನೀವು, ತಾವು ಯಾವುದೂ ಇಲ್ಲ. ನನಗೆ ಎದೆಯ ಕಾಯಿಲೆ ಅಂತ ಆ ಹೆಣ್ಣುಮಗಳಿಗೆ ಹೇಳಿದ್ದೀಯ. ಮೊದಲು ಕಳ್ಳನನ್ನಾಗಿ ಮಾಡಿದೆ, ಈಗ ರೋಗಿಯನ್ನಾಗಿ ಮಾಡಿದೆ. ಇಷ್ಟು ಹೊಲಸನ್ನು ಒಳಗೆ ಇಟ್ಟುಕೊಂಡು ಹೇಗೆ ಓಡಾಡುತ್ತೀಯೋ.

ನಿನಗೆ ಮರೆತಿರಬಹುದು. ನಾನು ಬರೆಯುತ್ತೇನೆ, ಕೂತು ಓದು.

೨೦೨೧ರ ಆಗಸ್ಟ್. ನನ್ನ ಅಪ್ಪಣೆ ಚೀಟಿಯನ್ನು ಐದನೇ ತಾರೀಖಿಗೇ ಅಂಚೆಗೆ ಹಾಕಿದ್ದೆ. ನನ್ನ ಸವಾರರೆಲ್ಲ ಗುಡ್ಡದ ಕೆಳಗಿನ ಕೆರೆ ಏರಿಯ ಹಿಂದೆ ಕೂರಬೇಕು ಅಂತ. ಯಾಕೆಂದರೆ ದವಸದ ಬಂಡಿ ಹೊಡೆದುಕೊಂಡು ಹೋಗುವವನು ಯಾರೇ ಆದರೂ ಏರಿಯ ದಾರಿಯನ್ನೇ ಹಿಡಿಯುತ್ತಾನೆ, ನಾನು ಈ ಊರಿನವನು, ನನಗೆ ಗೊತ್ತು. ಹನ್ನೊಂದಕ್ಕೆ ನಿನ್ನಿಂದ ನನಗೆ ಲಕೋಟೆ ಬಂತು. ಒಳಗೆ ನನ್ನ ಬೇಹಿನ ಸುದ್ದಿ ಇರಬೇಕಿತ್ತು. ಇದ್ದದ್ದು ಮುನಿರಾಜುವಿನ ಅಪ್ಪಣೆ ಚೀಟಿ, ಅವನ ಅಂಗಡಿಯ ಆ ಹಳದಿ ಕಾಗದದಲ್ಲಿ. ನೀನು ಲಕೋಟೆಗೆ ತಪ್ಪು ಕಾಗದ ತುರುಕಿದ್ದೆ. ಅಕ್ಷರ ಯಾರದು ಅಂತ ಗೊತ್ತಾದ ತಕ್ಷಣ ಮಡಿಚಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಬಂಗಾರಪೇಟೆಯಲ್ಲಿ ಇಳಿದು ಕೆ.ಜಿ.ಎಫ್. ಬಸ್ಸು ಹಿಡಿದು ನಿನ್ನ ಮನೆಗೆ ಬಂದು ನಿನ್ನ ಕೈಗೇ ಕೊಟ್ಟೆ. ನೀನು ಏನಂದೆ? "ಯಾರಿಗೂ ಹೇಳಬೇಡ ಕಣೋ, ನನ್ನ ಮಾನ ಹೋಗ್ತದೆ. ನಿನ್ ಚೀಟಿ ಮೊದಲೇ ಬಂದಿದೆ, ನಿನ್ದೇನೂ ತಪ್ಪಿಲ್ಲ." ನಾನು ಯಾರಿಗೂ ಹೇಳಲಿಲ್ಲ.

ಮುಂದಿನ ತಿಂಗಳು ಯುದ್ಧದ ದಿನ ಮುನಿರಾಜುವಿನ ಬಂಡಿಗಳು ಏರಿಯ ಮೇಲೇ ಬಂದವು. ಮೂರು ಸುತ್ತಿನಲ್ಲಿ ಮುಗಿಯಿತು. ಆಮೇಲೆ ಅವನು ಎದ್ದು ನಿಂತು ಕೇಳಿದ: "ಆವತ್ತು ಬಸ್ ಸ್ಟಾಂಡಾಗೆ ನಿನ್ ಜೇಬಿಂದ ನನ್ ಅಳದಿ ಕಾಗ್ದ ಇಣುಕ್ತಿತ್ತು. ನಿನ್ ತಾವ ಎಂಗ್ ಬಂತು?" ನಾನು, ಕಾಂತರಾಜನನ್ನು ಕೇಳು, ಅವನೇ ತಪ್ಪಿ ಕಳಿಸಿದ್ದು, ನಾನು ವಾಪಸ್ಸು ಕೊಟ್ಟಿದ್ದೇನೆ ಅಂದೆ. ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ಆನೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಡುತ್ತಿದ್ದೆ. ತಲೆ ಎತ್ತದೆ, "ನನಗೆ ಗೊತ್ತಿಲ್ಲ" ಅಂದೆ.

ನಿನ್ನ ಮನೆಗೆ ಹೇಳದೆ ಕೇಳದೆ ಬಂದು ಹೋಗುವವನು ನಾನೊಬ್ಬನೇ. ಕದ್ದಿದ್ದೇನೆ ಅಂತ ಅವರೇ ಲೆಕ್ಕ ಹಾಕಿಕೊಂಡರು. ನೀನು ಲೆಕ್ಕದ ಮೇಷ್ಟ್ರು, ತಿದ್ದಲಿಲ್ಲ.

ಆ ಹುಡುಗಿಗೆ ನಾನು ಉತ್ತರ ಬರೆಯುವುದಿಲ್ಲ. ಅವಳ ತಪ್ಪಿಲ್ಲ. ಮುನಿರಾಜು ನನ್ನ ಅಚ್ಚಿನಲ್ಲಿ ಎರಕ ಹೊಯ್ಯುವುದನ್ನು ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ.

ರಾಜ್‌ಕುಮಾರ್


ನಂದಿದುರ್ಗ
೧೫ ಸೆಪ್ಟೆಂಬರ್ ೨೦೨೪

ರಾಜ್‌ಕುಮಾರ,

ಒಂದೂವರೆ ತಿಂಗಳಲ್ಲಿ ಈ ಕಾಗದವನ್ನು ಐದು ಸಲ ಶುರು ಮಾಡಿ ಹರಿದಿದ್ದೇನೆ. ಐದರಲ್ಲೂ ನನ್ನ ತಪ್ಪಿಗೆ ಕಾರಣಗಳೇ ಇದ್ದವು. ಓದಿ ನನಗೇ ಅಸಹ್ಯವಾಯಿತು.

ನೀನು ಬರೆದದ್ದೆಲ್ಲ ನಿಜ. ಆವತ್ತು ಒಂದೇ ಮೇಜಿನ ಮೇಲೆ ಒಂದು ಕಡೆ ಮಕ್ಕಳ ಉತ್ತರ ಪತ್ರಿಕೆ, ಇನ್ನೊಂದು ಕಡೆ ನಿಮ್ಮ ಲಕೋಟೆಗಳು. ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೆ. ಮುನಿರಾಜುವಿನ ಚೀಟಿ ನಿನ್ನ ಲಕೋಟೆಗೆ ಹೋಯಿತು. ನೀನು ತಂದು ಕೊಟ್ಟಾಗ ನನಗೆ ಎಷ್ಟು ನೆಮ್ಮದಿಯಾಯಿತು ಅಂದರೆ, ಬಂದವನಿಗೆ ಥ್ಯಾಂಕ್ಸ್ ಹೇಳುವುದಕ್ಕೂ ಮರೆತೆ.

ಸುಳ್ಳು ಯಾಕೆ ಹೇಳಿದೆ ಅಂದರೆ, ಮಧ್ಯಸ್ಥನ ಕುರ್ಚಿಗೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ನನ್ನ ಮಾತು ಕೇಳದ ಮಕ್ಕಳ ಮುಂದೆ ನಿಂತವನು ನಾನು. ಹೆಡ್ಮಾಸ್ಟರು ಕೇಳುವುದಿಲ್ಲ, ಮನೆಯಲ್ಲಿ ಕಟ್ಟಿಕೊಂಡ ಸುಮಲತಳೂ ಕೇಳುವುದಿಲ್ಲ. ಆ ಒಂದು ಕೋಣೆಯಲ್ಲಿ, ತಿಂಗಳಿಗೆ ಒಂದು ಭಾನುವಾರ, ನಾನು ಹೇಳಿದ್ದೇ ಕೊನೆಯ ಮಾತು. ಲಕೋಟೆ ಅದಲುಬದಲು ಮಾಡಿದ ಮಧ್ಯಸ್ಥನನ್ನು ಯಾರು ಇಟ್ಟುಕೊಳ್ಳುತ್ತಾರೆ? ಒಂದು ಮರದ ಕುರ್ಚಿಗಾಗಿ ನಿನ್ನನ್ನು ಕೊಟ್ಟುಬಿಟ್ಟೆ. ಬರೆದು ನೋಡಿದರೆ ಎಷ್ಟು ಸಣ್ಣದಾಗಿ ಕಾಣುತ್ತದೆ.

ಮುನಿಗಂಗಮ್ಮನ ವಿಷಯ ಓದಿದ ಮೇಲೆ ಎರಡು ದಿನ ಹಾಲು ಹಾಕಿದ ಟೀ ಇಳಿಯಲಿಲ್ಲ. ಮೂರನೇ ದಿನ ಇಳಿಯಿತು. ಅದೂ ನನಗೆ ನಾಚಿಕೆಯೇ.

ನನ್ನನ್ನು ಕ್ಷಮಿಸು. ಈ ಕಾಗದ ಮಾತ್ರ ನಿನ್ನ ಹತ್ತಿರವೇ ಇರಲಿ. ದಂಡಯಾತ್ರೆ ಅರ್ಧಕ್ಕೆ ಬಂದಿದೆ. ವಿಷಯ ಈಗ ಹೊರಗೆ ಬಂದರೆ ಎಲ್ಲ ಕುಸಿಯುತ್ತದೆ.

ನಿನ್ನ,
ಕಾಂತರಾಜ್


ಕಾಮಸಮುದ್ರ
೨೩ ಸೆಪ್ಟೆಂಬರ್ ೨೦೨೪

ಕಾಂತರಾಜ,

ಇದು ಮೊದಲೇ ಗೊತ್ತಿದ್ದವನು ಈ ಭೂಮಿಯ ಮೇಲೆ ನಾನೊಬ್ಬನೇ. ಹುಡುಕಿ ಹುಡುಕಿ ನನಗೇ ಬಂದು ಹೇಳಿದ್ದೀಯ.

ನಿನ್ನ ಕ್ಷಮೆಯ ಕಾಗದವನ್ನು ಹಿಂದಕ್ಕೆ ಕಳಿಸಿದ್ದೇನೆ. ಗುಟ್ಟಾಗಿ ಇಟ್ಟುಕೊಂಡಿದ್ದಾನೆ ಅಂತ ನಾಳೆ ಇನ್ನೊಬ್ಬರು ಕೇಳುವುದು ಬೇಡ.

ರಾಜ್‌ಕುಮಾರ್


ನಂದಿದುರ್ಗ
೧೦ ನವೆಂಬರ್ ೨೦೨೪

ರಾಜ್‌ಕುಮಾರ,

ಇವತ್ತು ಹೇಳಿದೆ. ಬಂದ ತಕ್ಷಣ ಕೂತು ಬರೆಯುತ್ತಿದ್ದೇನೆ, ಅಂಗಿಯನ್ನೂ ಬಿಚ್ಚಿಲ್ಲ.

ಹತ್ತು ಜನ ಸೇರಿದ್ದರು. ಮೇಜಿನ ಮೇಲೆ ಬೇತಮಂಗಲದ ಯುದ್ಧಕ್ಕೆ ಎಲ್ಲ ಜೋಡಿಸಿಟ್ಟಿತ್ತು. ಬಾಯಲ್ಲಿ ಹೇಳಲು ಹೋದರೆ ನಡುವೆ ಏನಾದರೂ ನುಂಗುತ್ತೇನೆ ಅಂತ ಬರೆದುಕೊಂಡು ಹೋಗಿದ್ದೆ. ಎದ್ದು ನಿಂತು ಓದಿದೆ. ಲಕೋಟೆ ತಪ್ಪಿಸಿದ್ದು ನಾನು. ರಾಜ್‌ಕುಮಾರ್ ಅದೇ ದಿನ ತಂದು ಕೊಟ್ಟ. ಅವನ ಅಪ್ಪಣೆ ಚೀಟಿ ಆರು ದಿನ ಮೊದಲೇ ಅಂಚೆಗೆ ಬಿದ್ದಿತ್ತು. ಗೊತ್ತಿಲ್ಲ ಅಂದದ್ದು ಸುಳ್ಳು. ಎದೆಯ ಕಾಯಿಲೆ ಅಂದದ್ದೂ ಸುಳ್ಳು. ಇಷ್ಟೇ. ಅರ್ಧ ಹಾಳೆಯೂ ತುಂಬಲಿಲ್ಲ. ನಿನ್ನ ಹಳೆಯ ಲಕೋಟೆಯನ್ನೂ, ಐದನೇ ತಾರೀಖಿನ ಅಂಚೆ ಮುದ್ರೆಯನ್ನೂ ತೋರಿಸಿದೆ.

ಆಮೇಲೆ ಮುನಿರಾಜು ಲಕೋಟೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ.

"ಲಕೋಟೆ ಅಳೇದೇ ಸಾರ್. ಒಳಗಿನ್ ಚೀಟಿ ಈಗ ಬರ್ದಾಕಿರ್ಬೋದಲ್ಲಾ."

"ನಾನು ಯಾಕೆ ಹಾಗೆ ಮಾಡಲಿ?" ಅಂದೆ.

"ಕುದ್ರೆ ಬೇಕಲ್ಲಾ ಸಾರ್ ನಿಮ್ಗೆ. ಅವ್ನು ಅಚ್ಚು ಕೊಡಾಕಿಲ್ಲ ಅಂದ. ಅದ್ಕೇ ಈಗ ಅವನು ಒಳ್ಳೇವ್ನು. ನಮ್ಗೂ ತಿಳಿತದೆ ಬಿಡಿ."

ಅಂಬರೀಶ ನಕ್ಕ. "ಅಳೇ ಕತೆ ಯಾಕ್ ಸಾರ್, ದಾಳ ಆಕಿ, ಒತ್ತಾಗ್ತದೆ," ಅಂದ. ಕೋಪವಾದರೂ ಬರುತ್ತದೆ ಅಂತ ಕಾದೆ. ಒಬ್ಬರಿಗೂ ಬರಲಿಲ್ಲ. ನಿನ್ನ ಮೇಲೆ ಮೂರು ವರ್ಷ ಹೊರಿಸಿದ್ದನ್ನು ಇಳಿಸಿದರೆ ಅವರಿಗೆ ಬೋಂಡಾ ಆರಿಹೋಗುವ ಚಿಂತೆ. ಅವರ ಮುಖಗಳನ್ನು ನೋಡುತ್ತಾ ನಿಂತಿದ್ದಾಗ, ಈ ಜನರ ಮುಂದೆ ದೊಡ್ಡವನಾಗಿ ಕಾಣಬೇಕು ಅಂತಲೇ ಅಲ್ಲವೇ ನಾನು ಹಾಗೆ ಮಾಡಿದ್ದು ಅನ್ನಿಸಿತು.

ನಂಬಿದವಳು ವನಿತಾ ಒಬ್ಬಳೇ. ಅವಳು ನನ್ನನ್ನೇ ನೋಡುತ್ತಾ, "ಅಂದ್ರೆ ಅವರಿಗೆ ನಾನು ಆ ಕಾಗ್ದ ಬರ್ಯೋವಾಗ ನಿಮಗೆ ಎಲ್ಲಾ ಗೊತ್ತಿತ್ತು" ಅಂದಳು. ಹೌದು ಅಂದೆ. ಅವಳು ತನ್ನ ಕುರ್ಚಿಯನ್ನು ನನ್ನ ಪಕ್ಕದಿಂದ ಎಳೆದುಕೊಂಡು ಮೇಜಿನ ಆ ಬದಿಗೆ ಹೋಗಿ ಕೂತಳು. ನಂಬದವರೆಲ್ಲ ನನ್ನ ಪಕ್ಕದಲ್ಲೇ ಇದ್ದರು.

ನಾನು ಮತ್ತೆ ಕೂರಲಿಲ್ಲ. ಇನ್ನು ಮೇಲೆ ಮಧ್ಯಸ್ಥನಾಗಿರುವುದಿಲ್ಲ ಅಂದೆ. ಯಾರೂ ಬೇಡ ಅನ್ನಲಿಲ್ಲ, ನಕ್ಷೆಯನ್ನು ಮಾತ್ರ ಬಿಟ್ಟು ಹೋಗಿ ಅಂದರು. ಬಾಗಿಲ ಹತ್ತಿರ ತಿರುಗಿ ನೋಡಿದಾಗ ಮುನಿರಾಜು ಆ ಕುರ್ಚಿಯಲ್ಲಿ ಕೂತು ಮಿಕ್ಕವರ ಚೀಟಿಗಳನ್ನು ಬಿಚ್ಚುತ್ತಿದ್ದ.

ನಿನ್ನ ಹೆಸರನ್ನು ತೊಳೆಯುತ್ತೇನೆ ಅಂತ ಹೋದೆ, ಆಗಲಿಲ್ಲ. ಇನ್ನೇನು ಮಾಡಬೇಕು ಅಂತ ತಿಳಿಯುತ್ತಿಲ್ಲ. ಏನನ್ನೂ ಕೇಳುವುದಕ್ಕೆ ಬರೆದದ್ದಲ್ಲ.

ಕಾಂತರಾಜ್


ಕಾಮಸಮುದ್ರ
೨೧ ನವೆಂಬರ್ ೨೦೨೪

ಕಾಂತರಾಜ,

ನಿನ್ನ ಕಾಗದವನ್ನು ಡೇರಿಯ ಕಟ್ಟೆಯ ಮೇಲೆ ಕೂತು ಎರಡು ಸಲ ಓದಿದೆ. ಮನೆಗೆ ಬಂದು ಪುಷ್ಪಳಿಗೂ ಓದಿ ಹೇಳಿದೆ.

ನೀನು ಹೇಳುವ ದಿನ ನನಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಮೂರು ವರ್ಷ ಅದನ್ನೇ ಕಾದಿದ್ದೇನೆ. ಖುಷಿಯಾಗಲಿಲ್ಲ. ಅವರ ಮೇಲೂ ಹೇಸಿಗೆ, ನಿನ್ನ ಮೇಲೂ ಹೇಸಿಗೆ. ಮುನಿರಾಜು ನಂಬಲಿಲ್ಲ ಅಂತ ನಿನಗೆ ಆಶ್ಚರ್ಯ. ಅವನು ಯಾಕೆ ನಂಬುತ್ತಾನೆ? ನಂಬಿದರೆ ಇಷ್ಟು ವರ್ಷ ಊರೂರಿಗೆ ಹೇಳಿಕೊಂಡು ಬಂದದ್ದನ್ನೆಲ್ಲ ಊರೂರಿಗೆ ಹೋಗಿ ವಾಪಸ್ಸು ತೆಗೆದುಕೊಳ್ಳಬೇಕು. ಅಷ್ಟು ಬಸ್ಸು ಯಾರು ಹತ್ತುತ್ತಾರೆ. ಇಲ್ಲಿ ಡೇರಿಯಲ್ಲೂ ಏನೂ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಅದನ್ನು ನಾನು ಒಪ್ಪಿಕೊಂಡಾಯಿತು.

ಆದರೂ ಒಂದು ಮಾತು ಬರೆಯಬೇಕು. ನಿಜ ಹೇಳಿ, ಹತ್ತು ಜನರ ಮುಂದೆ ಸುಳ್ಳುಗಾರ ಅನ್ನಿಸಿಕೊಂಡು, ಬಾಗಿಲು ದಾಟಿ ಹೊರಗೆ ಬಂದು ನಿಂತಾಗ ಹೇಗಿರುತ್ತದೆ ಅನ್ನುವುದು ಈಗ ನಿನಗೂ ಗೊತ್ತಾಯಿತು. ಈ ತಾಲ್ಲೂಕಿನಲ್ಲಿ ಅದು ಗೊತ್ತಿರುವವರು ನಾವಿಬ್ಬರೇ. ನಾನು ಪುಷ್ಪಳಿಗೆ ಎಷ್ಟು ಹೇಳಿದರೂ ಅದು ಅವಳಿಗೆ ಪೂರ್ತಿ ತಿಳಿದಿಲ್ಲ.

ಭಾನುವಾರ ಬಾ. ದನದ ಕೊಟ್ಟಿಗೆಯ ಪಕ್ಕದಲ್ಲಿ ಹಲಗೆ ಹಾಕಿಟ್ಟಿರುತ್ತೇನೆ. ಅಪ್ಪಣೆ ಚೀಟಿ ಬೇಡ, ಬೇಹಿನವರು ಬೇಡ, ಮಧ್ಯಸ್ಥನೂ ಬೇಡ. ನನ್ನ ಸೈನ್ಯ ಇಲ್ಲಿದೆ, ನಿನ್ನದು ಅಲ್ಲಿದೆ ಅಂತ ಎದುರೆದುರು ತೋರಿಸಿಕೊಂಡೇ ಆಡೋಣ.

ಬಂಗಾರಪೇಟೆಯಿಂದ ಮಧ್ಯಾಹ್ನ ಎರಡು ಗಂಟೆಗೆ ಬಸ್ಸಿದೆ. ಊಟ ಮುಗಿಸಿಕೊಂಡು ಹತ್ತು. ನಿನ್ನನ್ನು ಕೂರಿಸಿ ಬಡಿಸುವಷ್ಟು ಮನಸ್ಸು ನಮ್ಮ ಮನೆಯಲ್ಲಿ ಯಾರಿಗೂ ಇನ್ನೂ ಬಂದಿಲ್ಲ.

ರಾಜ್‌ಕುಮಾರ್